ತಣಿಪುಗೋಪುರದ ನೀರು ಮತ್ತು ಲೀಜನೆಲ್ಲ: ಒಂದು ಐತಿಹಾಸಿಕ ಅವಲೋಕನ

ಹಾಸನ ಜಿಲ್ಲೆಯ ಹಳೇಕೋಟೆಯಂತಹ ಊರುಗಳಲ್ಲಿ ಬೇಸಗೆಯ ನೀರನ್ನು ತಣ್ಣಗಿಡುತ್ತ ಬಂದುದು ಮಣ್ಣಿನ ಹೂಜಿ. ಅದರ ಮೈಯಿಂದ ಒಸರುವ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಒಯ್ಯುತ್ತದೆ. ದೊಡ್ಡ ಕಟ್ಟಡಗಳ ಹವಾನಿಯಂತ್ರಣ ಯಂತ್ರಗಳಿಗೆ ಜೋಡಿಸುವ ಕೂಲಿಂಗ್ ಟವರ್ ಅಥವಾ ತಣಿಪುಗೋಪುರವೂ ಇದೇ ತತ್ತ್ವವನ್ನು ಅವಲಂಬಿಸಿದೆ. ಆದರೆ ಹೂಜಿಯನ್ನು ಉಜ್ಜಿ ತೊಳೆದು ಹೊಸ ನೀರು ತುಂಬುವ ವಾಡಿಕೆಯುಂಟು. ಗೋಪುರದಲ್ಲಾದರೋ ಅದೇ ಬೆಚ್ಚನೆಯ ನೀರು ಮತ್ತೆ ಮತ್ತೆ ಸುತ್ತುತ್ತಿರುತ್ತದೆ. ಈ ಭೇದವನ್ನು ಕಡೆಗಣಿಸಿದುದರ ಪರಿಣಾಮವನ್ನು ಇಲ್ಲಿ ಸಂಗ್ರಹವಾಗಿ ಪರಿಶೀಲಿಸುತ್ತೇವೆ.

1968ರಲ್ಲಿ ಅಮೆರಿಕದ ಪಾಂಟಿಯಾಕ್ ನಗರದಲ್ಲಿ, ಆರೋಗ್ಯ ಇಲಾಖೆಯ ಕಟ್ಟಡದಲ್ಲಿಯೇ, 144 ಮಂದಿ ಜ್ವರಪೀಡಿತರಾದರು. ತನಿಖೆಗೆ ಬಂದವರನ್ನೂ ಜ್ವರ ಬಿಡಲಿಲ್ಲ. ತಣಿಸುವ ಯಂತ್ರದ ತುಂತುರು ಗಾಳಿಯ ಕೊಳವೆಯನ್ನು ಸೇರುತ್ತಿದ್ದುದು ಕಂಡುಬಂದರೂ ಕಾರಣಜೀವಿ ಪತ್ತೆಯಾಗಲಿಲ್ಲ. 1976ರಲ್ಲಿ ಫಿಲಡೆಲ್ಫಿಯದಲ್ಲಿ ಮಾಜಿ ಸೈನಿಕರ ಸಮ್ಮೇಳನ ನಡೆದ ಸಮಯದಲ್ಲಿ 221 ಮಂದಿ ನ್ಯುಮೋನಿಯದಂತಹ ರೋಗಕ್ಕೆ ತುತ್ತಾಗಿ, 34 ಮಂದಿ ಮೃತರಾದರು. 1977ರ ಜನವರಿಯಲ್ಲಿ ಮೆಕ್‌ಡೇಡ್ ಮತ್ತು ಶೆಪರ್ಡ್ ಎಂಬ ವಿಜ್ಞಾನಿಗಳು ಇದಕ್ಕೆ ಕಾರಣವಾದ ಬ್ಯಾಕ್ಟೀರಿಯವನ್ನು ಗುರುತಿಸಿದರು. ಅದಕ್ಕೆ ಲೀಜನೆಲ್ಲ ಎಂಬ ಹೆಸರು ಬಂದಿತು. ಪಾಂಟಿಯಾಕ್‌ನ ಕಾಲದಿಂದ ಕಾದಿರಿಸಿದ್ದ ಮಾದರಿಗಳಲ್ಲಿಯೂ ಅದೇ ಇದ್ದಿತು. 1947ರಲ್ಲಿಯೇ ಬೇರ್ಪಡಿಸಿ, ಹೆಸರಿಡದೆ ಉಳಿದಿದ್ದ ಜೀವಿಯೂ ಅದೇ. ಜೀವಿ ಹಳೆಯದು, ಅದಕ್ಕೆ ಮನುಷ್ಯನು ಒದಗಿಸಿಕೊಟ್ಟ ಆವಾಸ ಹೊಸದು ಎಂಬುದು ಇದರಿಂದ ವಿದಿತವಾಗುತ್ತದೆ.

ನಿಯಂತ್ರಣಕ್ಕೆ ಕ್ಲೋರಿನ್ ಒಂದೇ ಸಾಲದು. ಈ ಜೀವಿ ಅಮೀಬದ ಒಳಗೆ ಬೆಳೆಯುವುದೆಂದು 1980ರಲ್ಲಿ ರೋಬೋಥಮ್ ತೋರಿಸಿದನು. ಅಮೀಬದಲ್ಲಿಯೂ ಕೊಳವೆಯ ಲೋಳೆಯಲ್ಲಿಯೂ ಅಡಗಿದ ಜೀವಿಗೆ ವಿಷವು ಸುಲಭವಾಗಿ ತಾಗುವುದಿಲ್ಲ. ಆದಕಾರಣ ಲೋಳೆ, ಕೆಸರುಗಳನ್ನು ತೆಗೆಯುವುದು, ಸಾಂದ್ರವಾದ ನೀರನ್ನು ಹೊರಬಿಡುವುದು, ತುಂತುರು ತಡೆಯುವ ಪಟ್ಟಿಗಳನ್ನು ಸರಿಯಾಗಿಡುವುದು, ಕ್ಲೋರಿನ್ ಅಥವಾ ಬ್ರೋಮಿನ್ ಪ್ರಮಾಣವನ್ನು ಅಳೆಯುತ್ತಿರುವುದು ಇವೆಲ್ಲ ಒಟ್ಟಿಗೆ ನಡೆಯಬೇಕು.

ತಿಳಿವಳಿಕೆ ಇದ್ದ ಮಾತ್ರಕ್ಕೆ ರಕ್ಷಣೆ ದೊರೆಯುವುದಿಲ್ಲ. 2015ರಲ್ಲಿ ನ್ಯೂಯಾರ್ಕಿನ ದಕ್ಷಿಣ ಬ್ರಾಂಕ್ಸಿನಲ್ಲಿ ಗೋಪುರವೊಂದರಿಂದ ಹರಡಿದ ರೋಗವು 16 ಜೀವಗಳನ್ನು ಬಲಿತೆಗೆದುಕೊಂಡ ನಂತರವೇ ಆ ನಗರವು ಗೋಪುರಗಳ ನೋಂದಣಿ ಮತ್ತು ತಪಾಸಣೆಯನ್ನು ಕಡ್ಡಾಯಗೊಳಿಸಿತು. ಬೆಂಗಳೂರಿನ ಆಸ್ಪತ್ರೆ, ಕಚೇರಿಗಳ ಮೇಲೆಯೂ ಇಂತಹ ಗೋಪುರಗಳುಂಟು. ಈ ರೋಗ ಸಾಮಾನ್ಯವಾಗಿ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಆದುದರಿಂದ ರೋಗಿಯನ್ನು ಪ್ರತ್ಯೇಕಿಸುವುದಕ್ಕಿಂತ ಗೋಪುರವನ್ನು ನೋಡಿಕೊಳ್ಳುವವನ ದಿನಚರಿ ಪುಸ್ತಕವೇ ಇಲ್ಲಿ ಮುಖ್ಯವೆಂದು ನಾವು ಭಾವಿಸುತ್ತೇವೆ.