ಕಡಲಮೀನಿನ ಬಿಳಿಚುಕ್ಕೆ ರೋಗ: ನಿದಾನ ಹಾಗೂ ಚಿಕಿತ್ಸೆಯ ಚರಿತ್ರೆ

ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಮತ್ಸ್ಯಾಲಯವು 1853ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಮರುವರ್ಷವೇ ಫಿಲಿಪ್ ಹೆನ್ರಿ ಗಾಸ್ ಎಂಬ ನಿಸರ್ಗಶಾಸ್ತ್ರಜ್ಞನ 'ದಿ ಅಕ್ವೇರಿಯಂ' ಎಂಬ ಗ್ರಂಥವು ಹೊರಬಂದು, ಗಾಜಿನ ತೊಟ್ಟಿಯಲ್ಲಿ ಕಡಲಿನ ಜೀವಿಗಳನ್ನು ಸಾಕುವ ಹವ್ಯಾಸವು ಮನೆಮನೆಗೆ ಹಬ್ಬಿತು. ಆದರೆ ಇಂಥ ತೊಟ್ಟಿಗಳನ್ನು ಕೆಲವೇ ದಿನಗಳಲ್ಲಿ ಬರಿದುಮಾಡಬಲ್ಲ ಎರಡು ದೊಡ್ಡ ಪಿಡುಗುಗಳ ಮೂಲವನ್ನು ಅರಿಯಲು ಮುಕ್ಕಾಲು ಶತಮಾನಕ್ಕೂ ಮಿಕ್ಕಿದ ಕಾಲ ಹಿಡಿಯಿತು. ಆ ಅರಿವು ಹೇಗೆ ಮೂಡಿತು, ಅದರಿಂದ ಚಿಕಿತ್ಸೆಯ ದಾರಿ ಹೇಗೆ ತೆರೆಯಿತು ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

1931ರಲ್ಲಿ ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ನಡವಳಿಗಳಲ್ಲಿ ಇ. ಎಂ. ಬ್ರೌನ್ ಅವರ ಎರಡು ಪುಟದ ಟಿಪ್ಪಣಿಯೊಂದು ಪ್ರಕಟವಾಯಿತು. ಕಡಲಮೀನುಗಳ ಕಿವಿರು ಮತ್ತು ಹೊರಚರ್ಮಗಳಲ್ಲಿ ದೊರೆತ ಹೊಸ ಏಕಕೋಶಜೀವಿಯೊಂದಕ್ಕೆ ಅವರು ಅಲ್ಲಿ 'ಊಡಿನಿಯಂ ಒಸೆಲ್ಲೇಟಂ' ಎಂದು ಹೆಸರಿಟ್ಟರು. ನ್ಯೂಯಾರ್ಕ್ ಮತ್ಸ್ಯಾಲಯದ ರಾಸ್ ನಿಗ್ರೆಲ್ಲಿಯವರು 1936ರಲ್ಲಿ ಇದರ ಜೀವನಚಕ್ರವನ್ನು ಸವಿಸ್ತಾರವಾಗಿ ವಿವರಿಸಿದರು. ಈ ಜೀವಿಯು ಮೀನಿನ ಕಿವಿರಿಗೆ ಬೇರಿನಂಥ ಅಂಗದಿಂದ ಅಂಟಿಕೊಂಡು ಬೆಳೆಯುತ್ತದೆ; ಬಲಿತ ಮೇಲೆ ಕಳಚಿ ತೊಟ್ಟಿಯ ತಳಕ್ಕೆ ಬೀಳುತ್ತದೆ; ಅಲ್ಲಿ ಕೋಶವಾಗಿ ಮತ್ತೆ ಮತ್ತೆ ಒಡೆದು, 256ರವರೆಗೂ ಈಜುವ ಮರಿಗಳನ್ನು ಹೊರಬಿಡುತ್ತದೆ. 1946ರಲ್ಲಿ ಬ್ರೌನ್ ಮತ್ತು ಹೊವಾಸ್ ಅವರು ಇದನ್ನು 'ಅಮೈಲೂಡಿನಿಯಂ' ಎಂಬ ಪ್ರತ್ಯೇಕ ಕುಲಕ್ಕೆ ಸೇರಿಸಿದರು. ಜೀವಿಯೊಳಗೆ ಪಿಷ್ಟದ ಕಣಗಳಿರುವುದನ್ನು ಈ ಹೆಸರೇ ಸೂಚಿಸುತ್ತದೆ. ಕಿವಿರಿನ ತುಣುಕಿಗೆ ಅಯೋಡಿನ್ ತಾಗಿಸಿದಾಗ ಜೀವಿಯು ಕಪ್ಪುಗಂದು ಬಣ್ಣ ತಳೆಯುವುದು ಈ ಪಿಷ್ಟದಿಂದಲೇ. ಹೀಗೆ ಹೆಸರೂ ನಿದಾನವೂ ಒಂದೇ ಮೂಲದಿಂದ ಬಂದಿವೆ.

ಎರಡನೆಯ ಪಿಡುಗಾದ ಬಿಳಿಚುಕ್ಕೆ ರೋಗದ ಚರಿತ್ರೆ ಇಷ್ಟು ನೇರವಾದುದಲ್ಲ. ಸಿಹಿನೀರಿನ ಮೀನುಗಳಲ್ಲಿ ಇಂಥ ಚುಕ್ಕೆಗಳನ್ನು ಉಂಟುಮಾಡುವ 'ಇಕ್ತಿಯೋಫ್ತೀರಿಯಸ್' ಎಂಬ ಜೀವಿಯನ್ನು ಫ್ರಾನ್ಸಿನ ಫೂಕೆ 1876ರಲ್ಲೇ ವರ್ಣಿಸಿದ್ದನು. ಕಡಲಮೀನಿನಲ್ಲಿಯೂ ಬಿಳಿಚುಕ್ಕೆ ಬರುವುದನ್ನು ಜಪಾನಿನ ಸಿಕಾಮಾ ಅವರು 1937 ಮತ್ತು 1938ರಲ್ಲಿ ವರದಿಮಾಡಿದರು. ಆದರೆ ಇಂದು ಎಲ್ಲರೂ ಒಪ್ಪಿರುವ 'ಕ್ರಿಪ್ಟೋಕ್ಯಾರಿಯಾನ್ ಇರಿಟಾನ್ಸ್' ಎಂಬ ಹೆಸರು 1951ರಲ್ಲಿ ಬ್ರೌನ್ ಅವರು ಇಟ್ಟದ್ದು. 1961ರಲ್ಲಿ ಸಿಕಾಮಾ ಅವರು ಅದೇ ಜೀವಿಗೆ 'ಇಕ್ತಿಯೋಫ್ತೀರಿಯಸ್ ಮರೀನಸ್' ಎಂದು ಹೆಸರಿಟ್ಟರಾದರೂ, ಪ್ರಾಣಿನಾಮಕರಣದ ನಿಯಮದಂತೆ ಹಿಂದಿನ ಹೆಸರೇ ಉಳಿಯಿತು. ಮೊದಲು ಕಂಡವರ ಕೀರ್ತಿಯೂ ಮೊದಲು ಹೆಸರಿಟ್ಟವರ ಹಕ್ಕೂ ಬೇರೆಬೇರೆಯೆಂಬುದಕ್ಕೆ ಇದೊಂದು ನಿದರ್ಶನ. ಮುಂಬಯಿಯ ಮರೀನ್ ಡ್ರೈವಿನಲ್ಲಿ ತಾರಾಪೊರವಾಲಾ ಮತ್ಸ್ಯಾಲಯವು ಆರಂಭವಾದದ್ದೂ ಈ 1951ರಲ್ಲಿಯೇ. ಅದರ ತೊಟ್ಟಿಗಳ ಮುಂದೆ ಬೆರಗಾಗಿ ನಿಂತ ನೆನಪು ನಮ್ಮ ಹಿರಿಯ ಓದುಗರಲ್ಲಿ ಹಲವರಿಗೆ ಇದ್ದೀತು.

ಹೆಸರಿನ ಈ ವಿವಾದ ಕೇವಲ ಪಂಡಿತರ ಜಗಳವೆಂದು ತಿಳಿಯಲಾಗದು. ಸಿಕಾಮಾ ಅವರ ಹೆಸರು ಕಡಲಿನ ಜೀವಿಯನ್ನು ಸಿಹಿನೀರಿನ ಜೀವಿಯ ಒಡಹುಟ್ಟು ಎಂದು ಸಾರುತ್ತದೆ. ನಂಟಸ್ತಿಕೆ ಒಪ್ಪಿದರೆ ಅದರ ಮದ್ದು ಇದಕ್ಕೂ ಸಲ್ಲುವುದೆಂಬ ಭಾವನೆ ಸಹಜವಾಗಿ ಹುಟ್ಟುತ್ತದೆ. 2002ರಲ್ಲಿ ರೈಟ್ ಮತ್ತು ಕೊಲೊರ್ನಿ ಅವರು ವಂಶವಾಹಿಗಳನ್ನು ಹೋಲಿಸಿ, ಇವೆರಡು ಬೇರೆಬೇರೆ ವರ್ಗಗಳಿಗೆ ಸೇರಿದವೆಂದೂ ಒಂದೇ ಬಗೆಯ ಬಾಳು ಬಾಳಿದ್ದರಿಂದ ಮಾತ್ರ ಹೋಲಿಕೆ ಬಂದಿದೆಯೆಂದೂ ತೋರಿಸಿಕೊಟ್ಟರು. ರೂಪಸಾಮ್ಯವನ್ನು ರಕ್ತಸಂಬಂಧವೆಂದು ಭ್ರಮಿಸುವುದು ಶಾಸ್ತ್ರದಲ್ಲಿಯೂ ಉಂಟು.

ಇನ್ನು ಚಿಕಿತ್ಸೆಯ ಮಾತು. ಸಾನ್‌ಫ್ರಾನ್ಸಿಸ್ಕೋದ ಸ್ಟೈನ್‌ಹಾರ್ಟ್ ಮತ್ಸ್ಯಾಲಯದ ರಾಬರ್ಟ್ ಡೆಂಪ್‌ಸ್ಟರ್ ಅವರು 1955ರಲ್ಲಿ ಊಡಿನಿಯಂ ರೋಗಕ್ಕೆ ತಾಮ್ರದ ಸಲ್ಫೇಟನ್ನು, ಅಂದರೆ ನಮ್ಮ ಮೈಲುತುತ್ತವನ್ನು, ಮದ್ದೆಂದು ನಿರೂಪಿಸಿದರು. ಮಲೆನಾಡಿನ ಅಡಕೆ ಬೆಳೆಗಾರನಿಗೆ ಈ ವಸ್ತು ಹೊಸದಲ್ಲ. ಮೈಸೂರು ಸಂಸ್ಥಾನದ ಸಸ್ಯರೋಗಶಾಸ್ತ್ರಜ್ಞರಾಗಿದ್ದ ಲೆಸ್ಲಿ ಕೋಲ್ಮನ್ನರು ಕೊಳೆರೋಗವನ್ನು ಅಭ್ಯಸಿಸಿ 1910ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಮಳೆಗಾಲಕ್ಕೆ ಮೊದಲು ಗೊನೆಗೆ ಸಿಂಪಡಿಸುವ ಪದ್ಧತಿ ನಮ್ಮ ತೋಟಗಳಲ್ಲಿ ಬೇರೂರಿತು. ಕೊಳೆರೋಗದ ಶಿಲೀಂಧ್ರವೂ ನೀರಿನ ಪೊರೆಯಲ್ಲಿ ಈಜುವ ಬೀಜಕಣಗಳಿಂದಲೇ ಹರಡುತ್ತದೆ. ಅಡಕೆಯ ಗೊನೆಯಾಗಲಿ ಮೀನಿನ ಕಿವಿರಾಗಲಿ, ತಾಮ್ರದ ಏಟು ಬೀಳುವುದು ಬೇರೂರಿದ ವೈರಿಗಲ್ಲ, ಇನ್ನೂ ನೆಲೆ ಕಾಣದೆ ಈಜುತ್ತಿರುವ ಅದರ ಸಂತತಿಗೆ.

ಚಿಕಿತ್ಸೆಯ ಗುಟ್ಟೂ ಎಡವುವ ಜಾಗವೂ ಇದೇ. ಬಿಳಿಚುಕ್ಕೆಯ ಜೀವಿಯು ಚರ್ಮದ ಪದರದೊಳಗೆ ಸುಮಾರು 3ರಿಂದ 7 ದಿನ ಇದ್ದು, ಅನಂತರ ಉದುರಿ ತಳದಲ್ಲಿ ಕೋಶಕಟ್ಟುತ್ತದೆ. ಆಗ ಮೀನಿನ ಮೈ ನಿರ್ಮಲವಾಗಿ ಕಾಣುತ್ತದೆ. ಸಾಕಿದವನು ರೋಗ ವಾಸಿಯಾಯಿತೆಂದು ಹಿಗ್ಗಿ ಮದ್ದು ನಿಲ್ಲಿಸುತ್ತಾನೆ. ಕೆಲವು ದಿನಗಳಲ್ಲಿ, ಕೆಲವೊಮ್ಮೆ ವಾರಗಳ ಮೇಲೆ, ಕೋಶಗಳೊಡೆದು ನೂರಾರು ಮರಿಗಳು ಮೀನನ್ನು ಮುತ್ತುತ್ತವೆ. ಆದುದರಿಂದ ಲೀಟರು ನೀರಿಗೆ 0.15ರಿಂದ 0.20 ಮಿಲಿಗ್ರಾಂ ತಾಮ್ರವನ್ನು ಎರಡು ಮೂರು ವಾರಗಳವರೆಗೆ ಕುಂದದಂತೆ ಕಾಪಾಡಬೇಕು. ಹವಳದ ಕಲ್ಲೂ ಸುಣ್ಣದ ಮರಳೂ ತಾಮ್ರವನ್ನು ಹೀರುತ್ತವೆ. ಪ್ರಮಾಣ ಮೀರಿದರೆ ಮೀನೇ ಸಾಯುತ್ತದೆ. ಹವಳ, ಸೀಗಡಿಗಳಂಥ ಅಕಶೇರುಕಗಳಂತೂ ಇಷ್ಟನ್ನೂ ತಾಳಲಾರವು. ಪ್ರತ್ಯೇಕ ತೊಟ್ಟಿಯಲ್ಲಿ, ದಿನವೂ ಅಳೆದು, ಮದ್ದು ಕೊಡಬೇಕೆಂಬ ನಿಯಮ ಇದರಿಂದ ಬಂದಿತು.

ತಾಮ್ರವಿಲ್ಲದ ದಾರಿಯೂ ಉಂಟು. ಕೊಲೊರ್ನಿ ಅವರು 1985ರಲ್ಲಿ, ನೀರಿನ ಉಪ್ಪಿನಂಶವನ್ನು ತಗ್ಗಿಸಿ ಬಿಳಿಚುಕ್ಕೆಯನ್ನು ಹತೋಟಿಗೆ ತರಬಹುದೆಂದು ತೋರಿಸಿದರು. ಆದರೆ ಅಮೈಲೂಡಿನಿಯಂ ಬಹು ಕಡಮೆ ಉಪ್ಪಿನಲ್ಲಿಯೂ ಬದುಕಬಲ್ಲುದು. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ನಿರುಪಯುಕ್ತ. ಆ ನಡುವೆ ಕಳೆದ ಎರಡು ದಿನಗಳೇ ಮೀನಿಗೆ ಮರಣಾಂತಿಕ. ಏಕೆಂದರೆ ಅಮೈಲೂಡಿನಿಯಂ ಮೊದಲು ಹಿಡಿಯುವುದು ಕಿವಿರನ್ನು. ಚರ್ಮದ ಮೇಲೆ ಹೊಂಬಣ್ಣದ ಧೂಳು ಕಾಣಿಸುವ ಮೊದಲೇ ಮೀನು ಉಸಿರಿಗಾಗಿ ಬಾಯಿ ತೆರೆಯುತ್ತ ಪ್ರಾಣ ಬಿಡಬಹುದು. ಬರಿಗಣ್ಣಿನ ಸಾಕ್ಷ್ಯ ಇಲ್ಲಿ ಸಾಲದು, ಸೂಕ್ಷ್ಮದರ್ಶಕವೇ ಬೇಕು.

ಈ ಚರಿತ್ರೆಯನ್ನು ಸಿಂಹಾವಲೋಕನ ಮಾಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಬ್ರೌನ್ ಅವರ ಟಿಪ್ಪಣಿಗೂ ಡೆಂಪ್‌ಸ್ಟರ್ ಅವರ ತಾಮ್ರಕ್ಕೂ ನಡುವೆ 24 ವರ್ಷಗಳ ಅಂತರವಿದೆ. ಆ ಅವಧಿಯಲ್ಲಿ ನಿಗ್ರೆಲ್ಲಿಯವರು ತಾಳ್ಮೆಯಿಂದ ಬಿಡಿಸಿಟ್ಟ ಜೀವನಚಕ್ರವಿಲ್ಲದಿದ್ದರೆ, ತಾಮ್ರವು ಏಕೆ ಫಲಿಸುತ್ತದೆ, ಎಷ್ಟು ದಿನ ಬೇಕು ಎಂಬುದು ಯಾರಿಗೂ ತಿಳಿಯುತ್ತಿರಲಿಲ್ಲ. ನಿದಾನವನ್ನು ಬಿಟ್ಟು ಮದ್ದಿಗೆ ಕೈಹಾಕುವವರು ನೆನಪಿಡಬೇಕಾದ ಮಾತಿದು. ಕಡಲಿನ ವಿಸ್ತಾರದಲ್ಲಿ ಚದುರಿಹೋಗುವ ಮರಿಗಳಿಗೆ ಗಾಜಿನ ಗೋಡೆ ಕಟ್ಟಿ, ಮೀನಿಗೆ ಓಡಲು ಎಡೆಯಿಲ್ಲದಂತೆ ಮಾಡಿದವರು ನಾವು. ತನ್ನ ನೋವನ್ನು ಹೇಳಲಾರದ ಆ ಮೂಕಪ್ರಾಣಿಯ ರೋಗವನ್ನು ಊಹೆಯಿಂದಲ್ಲದೆ ಪರೀಕ್ಷೆಯಿಂದ ಅರಿಯುವ ಹೊಣೆಯೂ ನಮ್ಮದೇ.