ಕಾಣಿಕೆ ಡಬ್ಬಿ ಮತ್ತು ಡೈನಮೈಟು

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬ ಮಾತನ್ನು ಕೇಳುತ್ತಲೇ ಬೆಳೆದವರು ನಾವು. ದಾನ ಕೊಡುವವನಿಗೆ ಅದು ಒಳ್ಳೆಯ ನೀತಿಯೇ ಸರಿ. ಆದರೆ ದಾನವನ್ನು ಸಂಗ್ರಹಿಸಿ ಹಂಚುವ ಸಂಸ್ಥೆಯೂ ಇದೇ ನೀತಿಯನ್ನು ಹಿಡಿದರೆ ಏನಾದೀತು? ಒಂದು ಕೈಯಲ್ಲಿ ಅನಾಥರಿಗೆ ಅನ್ನ, ಇನ್ನೊಂದು ಕೈಯಲ್ಲಿ ಬಂದೂಕು, ಎರಡಕ್ಕೂ ಹಣದ ಚೀಲ ಒಂದೇ ಎಂದಾದರೆ ಆ ದಾನದ ಫಲ ಯಾರಿಗೆ? ಈ ಪ್ರಶ್ನೆಯನ್ನು ಹಿಡಿದು ಚರಿತ್ರೆಯ ಪುಟ ತಿರುವಿದವರಿಗೆ ಐರ್ಲೆಂಡಿನ ಕಥೆ ಎದುರಾಗುತ್ತದೆ. ಸುಮಾರು ಒಂದೂವರೆ ಶತಮಾನ ನಡೆದ ಕಥೆ ಇದು. ಊರು ಬಿಟ್ಟು ದೂರದ ನಗರಗಳಲ್ಲಿ ನೆಲೆಸಿದ ನಮ್ಮಂಥವರ ಮನಸ್ಸನ್ನು ಇದು ಹೆಚ್ಚಾಗಿ ತಟ್ಟುತ್ತದೆ. ಏಕೆಂದರೆ ಆ ಚೀಲಕ್ಕೆ ಹಣ ಹಾಕಿದವರಲ್ಲಿ ಬಹಳಷ್ಟು ಮಂದಿ ಹೊಟ್ಟೆಪಾಡಿಗಾಗಿ ವಲಸೆ ಹೋದ ಸಾಮಾನ್ಯ ಜನರು.

ಹಸಿವಿನಲ್ಲಿ ಹುಟ್ಟಿದ ಸಿಟ್ಟು

1845ರಲ್ಲಿ ಐರ್ಲೆಂಡಿನ ಆಲೂಗೆಡ್ಡೆ ಬೆಳೆಗೆ ರೋಗ ತಗುಲಿತು. ಬಡವರಿಗೆ ಅದೇ ಅನ್ನ, ಅದೇ ರೊಟ್ಟಿ. ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಹಸಿವು ಮತ್ತು ರೋಗಗಳಿಂದ ಸತ್ತರು. ಅಷ್ಟೇ ಸಂಖ್ಯೆಯ ಜನ, ಬಹುಶಃ ಅದಕ್ಕಿಂತ ಹೆಚ್ಚೇ, ಹಡಗು ಹತ್ತಿ ದೇಶ ಬಿಟ್ಟರು. ಜನ ಸಾಯುತ್ತಿದ್ದಾಗಲೂ ದೇಶದಿಂದ ಧಾನ್ಯ ಹೊರಗೆ ಸಾಗುತ್ತಿತ್ತು ಎಂಬುದನ್ನು ಅವರು ಮರೆಯಲಿಲ್ಲ. ನ್ಯೂಯಾರ್ಕ್, ಬಾಸ್ಟನ್ ಮುಂತಾದ ಪಟ್ಟಣಗಳಲ್ಲಿ ಗಂಡಸರು ಬಂದರಿನಲ್ಲಿ ಮೂಟೆ ಹೊತ್ತರು, ರೈಲುದಾರಿ ಹಾಕಿದರು. ಹೆಣ್ಣುಮಕ್ಕಳು ಮನೆಗೆಲಸಕ್ಕೆ ನಿಂತರು. ಉಳಿಸಿದ ಹಣ ಊರಿನ ಗೇಣಿಗೆ, ತಮ್ಮಂದಿರ ಹಡಗಿನ ಟಿಕೀಟಿಗೆ ಹೋಯಿತು. ಅದರ ಹಿಂದೆಯೇ ಇನ್ನೊಂದು ಬಗೆಯ ಹಣವೂ ಹೋಗತೊಡಗಿತು.

1858ರ ಮಾರ್ಚ್ 17ರಂದು ಡಬ್ಲಿನ್ನಿನಲ್ಲಿ ಜೇಮ್ಸ್ ಸ್ಟೀಫನ್ಸ್ ಎಂಬಾತ ಒಂದು ರಹಸ್ಯ ಕ್ರಾಂತಿ ಸಂಘವನ್ನು ಕಟ್ಟಿದ. ಅದರ ಮೊದಲ ಬಂಡವಾಳ ಅಮೆರಿಕದಿಂದ ಬಂದ 80 ಪೌಂಡು. ಅಮೆರಿಕದಲ್ಲಿ ಅದರ ಜೋಡಿ ಸಂಸ್ಥೆಯಾದ ಫೀನಿಯನ್ ಸಂಘವು, ಐರ್ಲೆಂಡ್ ಸ್ವತಂತ್ರವಾದ ಮೇಲೆ ತೀರಿಸುವುದಾಗಿ ಬರೆದು ಸಾಲಪತ್ರಗಳನ್ನೇ ಮಾರಿತು! ಇನ್ನೂ ಹುಟ್ಟದ ಸರಕಾರದ ಸಾಲಪತ್ರವನ್ನು ಕೂಲಿಯವರು ಕೊಂಡರು. 1867ರ ದಂಗೆ ಸೋತಿತು. ಆದರೆ ಹಣ ಕೂಡಿಸುವ ಪದ್ಧತಿ ಸೋಲಲಿಲ್ಲ. ಅದೇ ವರ್ಷ ನ್ಯೂಯಾರ್ಕಿನಲ್ಲಿ ಹುಟ್ಟಿದ ಕ್ಲಾನ್ ನ ಗೇಲ್ ಎಂಬ ಸಂಘ ಚಂದಾ ಎತ್ತಿ, ತಿಮಿಂಗಿಲ ಬೇಟೆಯ ಕಟಾಲ್ಪಾ ಎಂಬ ಹಡಗನ್ನು ಕೊಂಡು, 1876ರಲ್ಲಿ ಆಸ್ಟ್ರೇಲಿಯದ ಸೆರೆಯಿಂದ 6 ಮಂದಿ ಫೀನಿಯನ್ನರನ್ನು ಬಿಡಿಸಿ ತಂದಿತು. ರಕ್ತ ಹರಿಯದ ಸಾಹಸ. ಕೇಳಿದವರ ಮೈ ನವಿರೇಳದಿದ್ದೀತೆ?

ಆದರೆ ಅದೇ 1876ರಲ್ಲಿ ಒ'ಡೊನೊವನ್ ರೊಸ್ಸಾ ಎಂಬ ಹಳೆಯ ಸೆರೆಯಾಳು ಒಂದು ಪತ್ರಿಕೆಯ ಮೂಲಕ ಇನ್ನೊಂದು ನಿಧಿ ತೆರೆದ. ಬ್ರಿಟನ್ನಿನ ಮೇಲೆ ಅಲ್ಲಲ್ಲಿ ಹಠಾತ್ ದಾಳಿ ಮಾಡುವುದೇ ಅದರ ಉದ್ದೇಶ. 1881ರಿಂದ 1885ರವರೆಗೆ ಬ್ರಿಟನ್ನಿನ ನಗರಗಳಲ್ಲಿ ಡೈನಮೈಟು ಸಿಡಿಯಿತು. ಲಂಡನ್ನಿನ ನೆಲದಡಿಯ ರೈಲು, ಪಾರ್ಲಿಮೆಂಟು ಭವನ, ಟವರ್ ಕೋಟೆ ಯಾವುದನ್ನೂ ಬಿಡಲಿಲ್ಲ. ಮೊದಲ ಸ್ಫೋಟ ನಡೆದದ್ದು 1881ರ ಜನವರಿಯಲ್ಲಿ, ಸಾಲ್ಫರ್ಡ್ ಪಟ್ಟಣದ ಸೈನಿಕ ಠಾಣೆಯಲ್ಲಿ. ಅಲ್ಲಿ ಸತ್ತವನು ಸೈನಿಕನಲ್ಲ, 7 ವರ್ಷದ ಒಬ್ಬ ಹುಡುಗ. ಸಾವಿರಾರು ಮೈಲಿ ದೂರದಲ್ಲಿ ನಿಧಿಗೆ ಡಾಲರು ಕಳುಹಿಸಿದವರಲ್ಲಿ ಎಷ್ಟು ಮಂದಿ ಆ ಹುಡುಗನನ್ನು ನೆನೆದಿದ್ದಾರು?

ಇದೇ ಕಾಲದಲ್ಲಿ ಮೂರನೆಯ ಕೈಯೊಂದು ಸೇರಿಕೊಂಡಿತು: ರಾಜಕಾರಣ. 1879ರಲ್ಲಿ ಮತ್ತೆ ಬೆಳೆ ಕೆಟ್ಟಾಗ ಮೈಕೆಲ್ ಡೇವಿಟ್ ರೈತರ ಲ್ಯಾಂಡ್ ಲೀಗ್ ಕಟ್ಟಿದ. ಪಾರ್ಲಿಮೆಂಟಿನ ಸದಸ್ಯ ಪಾರ್ನೆಲ್ ಅದರ ಅಧ್ಯಕ್ಷನಾದ. ಕ್ಲಾನ್ ನಾಯಕ ಜಾನ್ ಡಿವಾಯ್ ಇವರಿಬ್ಬರೊಡನೆ ಕೈಜೋಡಿಸಿದ. 1880ರಲ್ಲಿ ಪಾರ್ನೆಲ್ ಅಮೆರಿಕದ ಊರೂರು ತಿರುಗಿ, ಬರ ಪರಿಹಾರಕ್ಕೂ ಲೀಗಿನ ರಾಜಕೀಯಕ್ಕೂ ಹಣ ಬೇಡಿದ. ಬೇಡುವ ನಾಲಿಗೆ ಒಂದೇ, ಸಭೆ ಒಂದೇ.

ಪರಿಹಾರ ನಿಧಿಯ ಕಚೇರಿ

1916ರ ಈಸ್ಟರ್ ವಾರದಲ್ಲಿ ಡಬ್ಲಿನ್ನಿನಲ್ಲಿ ನಡೆದ ದಂಗೆಯನ್ನು ಬಹಳ ಮಂದಿ ಕೇಳಿರಬಹುದು. ನಾಯಕರನ್ನು ಗುಂಡಿಟ್ಟು ಕೊಂದರು. ಅವರಲ್ಲೊಬ್ಬ ಟಾಮ್ ಕ್ಲಾರ್ಕ್. ಡೈನಮೈಟಿನ ಕಾಲದಲ್ಲಿ ಸಿಕ್ಕಿಬಿದ್ದು 15 ವರ್ಷ ಸೆರೆಯಲ್ಲಿದ್ದವನು. ಅವನ ವಿಧವೆ ಕ್ಯಾಥ್ಲೀನ್, ಸತ್ತವರ ಮತ್ತು ಸೆರೆಯಾದವರ ಕುಟುಂಬಗಳಿಗಾಗಿ ನಿಧಿಯೊಂದನ್ನು ತೆರೆದಳು. ಅದು ಇನ್ನೊಂದು ನಿಧಿಯೊಡನೆ ಕೂಡಿ ದೊಡ್ಡದಾಯಿತು. ನೊಂದ ಮನೆಗಳಿಗೆ ಅದರಿಂದ ನಿಜವಾಗಿ ಊಟ ಸಿಕ್ಕಿತು, ಬಾಡಿಗೆ ಸಂದಿತು. ಇದರಲ್ಲಿ ಸುಳ್ಳೇನೂ ಇಲ್ಲ.

1917ರ ಫೆಬ್ರುವರಿಯಲ್ಲಿ ಆ ನಿಧಿಯ ಕಾರ್ಯದರ್ಶಿಯಾಗಿ ನೇಮಕವಾದವನು ಸೆರೆಯಿಂದ ಆಗತಾನೇ ಬಿಡುಗಡೆಯಾಗಿದ್ದ ಮೈಕೆಲ್ ಕಾಲಿನ್ಸ್. ಯಾವ ಊರಿನಲ್ಲಿ ಯಾರ ಮನೆ, ಯಾರ ಮಗ ಸೆರೆಯಲ್ಲಿದ್ದಾನೆ, ಯಾರು ನಂಬಿಗಸ್ತರು ಎಂಬುದೆಲ್ಲ ಅವನ ಮೇಜಿಗೆ ಬಂತು. ಪರಿಹಾರ ನಿಧಿಯ ಸಂಪರ್ಕಗಳೇ ರಹಸ್ಯ ಸಂಘಟನೆಯ ಸಂಪರ್ಕಗಳೂ ಆದವು. 1918ರ ಚುನಾವಣೆಯಲ್ಲಿ ಷಿನ್ ಫೇನ್ ಪಕ್ಷ ಐರ್ಲೆಂಡಿನ 105 ಸ್ಥಾನಗಳಲ್ಲಿ 73ನ್ನು ಗೆದ್ದಿತು. ಗೆದ್ದವರು ಲಂಡನ್ನಿಗೆ ಹೋಗದೆ 1919ರ ಜನವರಿ 21ರಂದು ಡಬ್ಲಿನ್ನಿನಲ್ಲಿ ತಮ್ಮದೇ ಶಾಸನಸಭೆ ನಡೆಸಿದರು. ಅದೇ ದಿನ ಟಿಪ್ಪರರಿ ಜಿಲ್ಲೆಯಲ್ಲಿ ಸ್ವಯಂಸೇವಕರ ಗುಂಡಿಗೆ ಇಬ್ಬರು ಪೋಲೀಸರು ಬಲಿಯಾದರು. ಮತಪೆಟ್ಟಿಗೆಯ ಫಲವೂ ಬಂದೂಕಿನ ಫಲವೂ ಒಂದೇ ದಿನ ಕಾಣಿಸಿಕೊಂಡವು.

ಕಾಲಿನ್ಸ್ ಆ ಸರಕಾರದ ಹಣಕಾಸು ಮಂತ್ರಿಯೂ ಆದ, ಐ.ಆರ್.ಎ.ಯ ಗೂಢಚಾರ ವಿಭಾಗದ ಮುಖ್ಯಸ್ಥನೂ ಆದ. ಸಾರ್ವಜನಿಕ ಸಾಲವೆಂದು ದೇಶದೊಳಗೆ ಸುಮಾರು 3 ಲಕ್ಷ 70 ಸಾವಿರ ಪೌಂಡು ಕೂಡಿತು. ಡಿ ವಲೇರಾ ಅಮೆರಿಕದಲ್ಲಿ ತಿರುಗಿ 50 ಲಕ್ಷ ಡಾಲರಿಗೂ ಮೀರಿ ಸಂಗ್ರಹಿಸಿದ. ಈ ಹಣ ಯಾವ ಬ್ಯಾಂಕಿನಲ್ಲಿದೆಯೆಂದು ಲೆಕ್ಕ ಕೆದಕಲು ಬಂದ ಅಲನ್ ಬೆಲ್ ಎಂಬ ವೃದ್ಧ ಮ್ಯಾಜಿಸ್ಟ್ರೇಟನನ್ನು 1920ರ ಮಾರ್ಚ್ 26ರಂದು ಡಬ್ಲಿನ್ನಿನ ಟ್ರಾಮಿನಿಂದ ಕೆಳಗಿಳಿಸಿ, ಹಾಡುಹಗಲೇ ಗುಂಡಿಟ್ಟು ಕೊಂದರು. ದಿನವಿಡೀ ಓಚರು, ರಸೀದಿಗಳ ನಡುವೆ ಕಾಲ ಕಳೆಯುವ ನಮ್ಮಂಥ ಗುಮಾಸ್ತರಿಗೆ ಈ ಪ್ರಸಂಗ ಓದುವಾಗ ಕೈ ನಡುಗುತ್ತದೆ. ಲೆಕ್ಕ ಕೇಳಿದ್ದಕ್ಕೆ ಪ್ರಾಣದಂಡ!

ಆಳುವವರೂ ಕಡಿಮೆ ಕ್ರೂರಿಗಳಾಗಿರಲಿಲ್ಲ. 1920ರ ಡಿಸೆಂಬರಿನಲ್ಲಿ ಬ್ರಿಟಿಷ್ ಪಡೆಗಳು ಕಾರ್ಕ್ ನಗರದ ನಡುಭಾಗವನ್ನೇ ಸುಟ್ಟವು. ಐರಿಷರ ಹೋರಾಟದಲ್ಲಿ ನಮ್ಮ ಸ್ವಾತಂತ್ರ್ಯ ಹೋರಾಟಗಾರರು ಅನೇಕರು ತಮ್ಮ ಮುಖವನ್ನೇ ಕಂಡರು; 1930ರಲ್ಲಿ ಚಿತ್ತಗಾಂಗಿನ ಶಸ್ತ್ರಾಗಾರದ ಮೇಲೆ ದಾಳಿ ಮಾಡಿದವರು ತಮ್ಮ ಪಡೆಗೆ ಇಂಡಿಯನ್ ರಿಪಬ್ಲಿಕನ್ ಆರ್ಮಿ ಎಂದೇ ಹೆಸರಿಟ್ಟಿದ್ದರು. ಆದ್ದರಿಂದ ತೀರ್ಪು ಹೇಳುವುದು ನಮಗೆ ಸುಲಭವಲ್ಲ. ಆದರೂ ಒಂದು ವ್ಯತ್ಯಾಸವನ್ನು ಗಮನಿಸಬೇಕು. 1921ರಲ್ಲಿ ಅಮೆರಿಕದ ಪರಿಹಾರ ಸಮಿತಿ ಕಳುಹಿಸಿದ ಸುಮಾರು 50 ಲಕ್ಷ ಡಾಲರನ್ನು ವೈಟ್ ಕ್ರಾಸ್ ಎಂಬ ಸಂಸ್ಥೆ ಹಂಚಿತು. ಅಹಿಂಸಾವ್ರತಿಗಳಾದ ಕ್ವೇಕರ್ ಪಂಥದವರೂ ಅದರ ಆಡಳಿತದಲ್ಲಿದ್ದರು. ಮನೆ ಸುಟ್ಟವರಿಗೆ ಮನೆ, ಕೆಲಸ ಕಳೆದುಕೊಂಡವರಿಗೆ ಅನ್ನ ಸಿಕ್ಕಿತು. ದುಃಖ ಒಂದೇ, ದಾನಿಗಳೂ ಅವರೇ. ಕೀಲಿಕೈ ಮಾತ್ರ ಬೇರೆಯವರ ಬಳಿ ಇತ್ತು.

ನ್ಯೂಯಾರ್ಕಿನ ಡಬ್ಬಿ

ಐರ್ಲೆಂಡಿನ ದಕ್ಷಿಣ ಭಾಗ ಸ್ವತಂತ್ರವಾಗಿ, ಉತ್ತರದ 6 ಜಿಲ್ಲೆಗಳು ಬ್ರಿಟನ್ನಿನಲ್ಲೇ ಉಳಿದವು. ಅಲ್ಲಿನ ಕ್ಯಾಥೊಲಿಕರಿಗೆ ಮನೆ, ನೌಕರಿ, ಮತಗಳಲ್ಲಿ ಅನ್ಯಾಯವಾಗುತ್ತಿತ್ತು. 1969ರಲ್ಲಿ ಗಲಭೆ ಎದ್ದು ಬೀದಿ ಬೀದಿಗಳೇ ಉರಿದಾಗ ಐ.ಆರ್.ಎ. ಎರಡಾಗಿ, ಪ್ರೊವಿಷನಲ್ ಎಂಬ ಉಗ್ರ ಬಣ ಹುಟ್ಟಿತು. 1970ರಲ್ಲಿ ನ್ಯೂಯಾರ್ಕಿನಲ್ಲಿ ನೊರೇಡ್ ಎಂಬ ನೆರವು ಸಮಿತಿ ಆರಂಭವಾಯಿತು. ಸ್ಥಾಪಕರಲ್ಲಿ ಮುಖ್ಯನಾದ ಮೈಕೆಲ್ ಫ್ಲಾನರಿ 1920ರ ದಶಕದ ಹಳೆಯ ಹೋರಾಟಗಾರ. ಐರಿಷ್ ಬಾರುಗಳಲ್ಲಿ ಡಬ್ಬಿ ತಿರುಗಿತು, ಭೋಜನಕೂಟಗಳು ನಡೆದವು. ಸೆರೆಯಾಳುಗಳ ಹೆಂಡತಿ ಮಕ್ಕಳಿಗಾಗಿ ಎಂದು ಸಮಿತಿ ಹೇಳಿತು. ಶಸ್ತ್ರಕ್ಕೆ ಹೋಗುತ್ತಿದೆ ಎಂದು ಬ್ರಿಟಿಷ್, ಐರಿಷ್, ಅಮೆರಿಕನ್ ಸರಕಾರಗಳು ಹೇಳಿದವು. ನೊರೇಡ್ ಐ.ಆರ್.ಎ.ಯ ಏಜೆಂಟೇ ಎಂದು ಅಮೆರಿಕದ ನ್ಯಾಯಾಲಯ 1981ರಲ್ಲಿ ತೀರ್ಪಿತ್ತಿತು.

ಒಂದು ಕ್ಷಣ ಸಮಿತಿಯ ಮಾತನ್ನೇ ನಂಬೋಣ. ಪ್ರತಿ ಡಾಲರೂ ಹಾಲಿಗೆ, ಬ್ರೆಡ್ಡಿಗೇ ಹೋಯಿತೆನ್ನೋಣ. ಆಗಲೂ ಸಂಘಟನೆ ಆ ಕುಟುಂಬಗಳಿಗೆ ಕೊಡಬೇಕಾಗಿದ್ದ ಹಣ ಉಳಿಯಿತು. ಉಳಿದದ್ದು ಬೇರೆಡೆಗೆ ಒದಗಿತು. ನಾನು ಸೆರೆ ಹೋದರೂ ಮನೆಯವರು ಉಪವಾಸ ಬೀಳುವುದಿಲ್ಲ ಎಂಬ ಧೈರ್ಯ ಹೊಸಬನಿಗೆ ಬಂತು. ಅನ್ನ ಕೊಟ್ಟವರ ವಿರುದ್ಧ ಸಾಕ್ಷಿ ಹೇಳಲು ಬೀದಿಯವರಿಗೆ ಬಾಯಿ ಬರಲಿಲ್ಲ. ಬೀದಿಯ ಕುಂದುಕೊರತೆ ಕೇಳಲು ಪಕ್ಷದ ಕಚೇರಿಗಳು ತೆರೆದವು. ಅದೇ ಬೀದಿಗಳಲ್ಲಿ ತಪ್ಪು ಮಾಡಿದ ಹುಡುಗರ ಮಂಡಿಗೆ ಐ.ಆರ್.ಎ. ಗುಂಡು ಹಾರಿಸುತ್ತಿತ್ತು. ಕರುಣೆಯೂ ಭಯವೂ ಒಂದೇ ಬಾಗಿಲಿನಿಂದ ಬರುತ್ತಿದ್ದವು.

ಇದರ ಬೆಲೆಯನ್ನು ಮರೆಯಬಾರದು. 1972ರ ಜುಲೈ 21ರಂದು ಬೆಲ್‌ಫಾಸ್ಟಿನಲ್ಲಿ ಸುಮಾರು 20 ಬಾಂಬುಗಳು ಸಿಡಿದು 9 ಮಂದಿ ಸತ್ತರು. 1974ರಲ್ಲಿ ಬರ್ಮಿಂಗ್‌ಹ್ಯಾಮಿನ ಎರಡು ಪಬ್ಬುಗಳಲ್ಲಿ 21 ಮಂದಿ. ಸುಮಾರು 30 ವರ್ಷಗಳ ಈ ಕಲಹದಲ್ಲಿ ಸತ್ತ ಸುಮಾರು 3,500 ಜನರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿ ಈ ಒಂದೇ ಸಂಘಟನೆಗೆ ಬಲಿಯಾದವರು. ಎದುರುಬದಿಯ ಪ್ರಾಟೆಸ್ಟಂಟ್ ಪಡೆಗಳೂ ಸರಕಾರದ ಸೈನಿಕರೂ ಕೊಂದವರು ಉಳಿದವರಲ್ಲಿದ್ದಾರೆ.

1976ರಲ್ಲಿ ಅಮೆರಿಕದ ಐರಿಷರಲ್ಲೇ ಕೆಲವರು ಐರ್ಲೆಂಡ್ ಫಂಡ್ ಎಂಬ ಬೇರೆ ನಿಧಿ ಸ್ಥಾಪಿಸಿ, ಶಾಂತಿ, ಸಂಸ್ಕೃತಿ, ಧರ್ಮಕಾರ್ಯಗಳಿಗೆ ಕೊಡಿರೆಂದರು. 1977ರಲ್ಲಿ ಎಡ್ವರ್ಡ್ ಕೆನೆಡಿಯೂ ಸೇರಿ ನಾಲ್ವರು ಐರಿಷ್ ಮೂಲದ ನಾಯಕರು, ಹಿಂಸೆಗೆ ನೆರವಾಗುವ ಹಣ ಕೊಡಬೇಡಿ ಎಂದು ಬಹಿರಂಗವಾಗಿ ಬೇಡಿಕೊಂಡರು. ತಮ್ಮವರಿಗೇ ಇದನ್ನು ಹೇಳಲು ಎದೆಗಾರಿಕೆ ಬೇಕು.

ಕೈಗಳು ಬೇರೆಯಾದಾಗ

1981ರಲ್ಲಿ ಸೆರೆಮನೆಯಲ್ಲಿ ಉಪವಾಸವಿದ್ದ ಬಾಬಿ ಸ್ಯಾಂಡ್ಸ್ 30,492 ಮತ ಪಡೆದು ಪಾರ್ಲಿಮೆಂಟಿಗೆ ಆಯ್ಕೆಯಾದ. ಮೇ 5ರಂದು, 66ನೆಯ ದಿನ, ಸತ್ತ. ಮತದ ರುಚಿ ಕಂಡ ಷಿನ್ ಫೇನ್, ಒಂದು ಕೈಯಲ್ಲಿ ಮತಪತ್ರ, ಇನ್ನೊಂದರಲ್ಲಿ ರೈಫಲು ಎಂಬ ನೀತಿ ಹಿಡಿಯಿತು. ಆದರೆ ಬಾಂಬು ಸಿಡಿದಾಗಲೆಲ್ಲ ಮತ ಕರಗುತ್ತದೆ ಎಂಬ ಪಾಠವೂ ಬರುಬರುತ್ತ ಆಯಿತು. 1987ರ ನವೆಂಬರಿನಲ್ಲಿ ಎನಿಸ್ಕಿಲ್ಲನ್‌ನಲ್ಲಿ ಯುದ್ಧದಲ್ಲಿ ಮಡಿದವರ ಸ್ಮರಣೆಗೆ ಕೂಡಿದ ಜನರ ನಡುವೆ ಬಾಂಬು ಸಿಡಿದು 11 ಮಂದಿ ಸತ್ತಾಗ ಸ್ವಜನರೇ ಮುಖ ತಿರುಗಿಸಿದರು. ಎರಡು ಕೈಗಳು ಒಂದನ್ನೊಂದು ತಡೆಯತೊಡಗಿದವು.

1994ರಲ್ಲಿ ಕದನವಿರಾಮ, 1996ರಲ್ಲಿ ಅದರ ಭಂಗ, 1997ರಲ್ಲಿ ಮತ್ತೆ ವಿರಾಮ. 1998ರ ಏಪ್ರಿಲ್ 10ರಂದು ಒಪ್ಪಂದ. 2005ರಲ್ಲಿ ಐ.ಆರ್.ಎ. ಶಸ್ತ್ರಗಳನ್ನು ಕೆಳಗಿಟ್ಟಿತು. ಈ ನಡುವೆ 1995ರಿಂದ ಅಮೆರಿಕ ಷಿನ್ ಫೇನಿಗೆ ಬಹಿರಂಗವಾಗಿ ಹಣ ಸಂಗ್ರಹಿಸಲು ಒಪ್ಪಿಗೆ ಕೊಟ್ಟಿತು. ಇಂಥ ಹಣದ ಲೆಕ್ಕವನ್ನು ಸರಕಾರಕ್ಕೆ ಒಪ್ಪಿಸಬೇಕು, ಯಾರು ಬೇಕಾದರೂ ಅದನ್ನು ನೋಡಬಹುದು. 2024ರ ಫೆಬ್ರುವರಿಯಲ್ಲಿ ಆ ಪಕ್ಷದ ಮಿಷೆಲ್ ಒ'ನೀಲ್ ಉತ್ತರ ಐರ್ಲೆಂಡಿನ ಪ್ರಥಮ ಮಂತ್ರಿಯಾದರು.

ರಾಜಕಾರಣದ ಕೈ ಬಂದೂಕನ್ನು ಬೆಳೆಸಿತು, ಕೊನೆಗೆ ಕೆಳಗಿಳಿಸಿದ್ದೂ ಅದೇ. ಕಾಣಿಕೆಯ ಕೈ ಮಾತ್ರ ನಮ್ಮಂಥವರದು. ಊರಿನ ಮೇಲಿನ ಪ್ರೀತಿ ವಲಸೆ ಬಂದವರ ದೊಡ್ಡ ಆಸ್ತಿ. ಅದನ್ನು ಚೆನ್ನಾಗಿ ಬಲ್ಲವರೇ ನಮ್ಮ ಬಾಗಿಲಿಗೆ ರಸೀದಿ ಪುಸ್ತಕ ಹಿಡಿದು ಬರುತ್ತಾರೆ. ಬಂದವರಲ್ಲಿ ಹೆಚ್ಚಿನವರು ಸತ್ಪಾತ್ರರೇ ಇರುತ್ತಾರೆ. ಆದರೂ ದಾನದಲ್ಲಿ ಪಾತ್ರಾಪಾತ್ರ ನೋಡಬೇಕೆಂದು ಹಿರಿಯರು ಹೇಳಿದ್ದು ಜಿಪುಣತನದಿಂದಲ್ಲ. ಹಣ ಯಾರ ಕೈ ಸೇರುತ್ತದೆ, ಕೀಲಿಕೈ ಯಾರ ಬಳಿ ಇದೆ, ವರ್ಷದ ಕೊನೆಗೆ ಲೆಕ್ಕ ತೋರಿಸುತ್ತೀರಾ ಎಂದು ಕೇಳುವುದು ಅಪನಂಬಿಕೆಯಲ್ಲ. ಸಾಲ್ಫರ್ಡಿನ ಆ 7 ವರ್ಷದ ಹುಡುಗನಂಥವರಿಗೆ ನಾವು ಸಲ್ಲಿಸಬೇಕಾದ ಋಣ ಅದು.