ಚಿಕ್ಕೋಡಿ ಸೀಮೆಯ ಗಡಿ ವಿವಾದ ಹುಟ್ಟಿದ ಬಗೆ

ಬೆಳಗಾವಿ ಜಿಲ್ಲೆಯ ಉತ್ತರದಂಚಿನ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಸೀಮೆ 1818ಕ್ಕೆ ಮುಂಚೆ ಮರಾಠರ ಆಳ್ವಿಕೆಯಲ್ಲಿತ್ತು. ಕನ್ನಡ ಮಾತಾಡುವ ಹಳ್ಳಿಯಲ್ಲೂ ಕುಲಕರ್ಣಿಯ ದಫ್ತರ ಮೋಡಿ ಲಿಪಿಯ ಮರಾಠಿಯಲ್ಲಿರುತ್ತಿತ್ತು. ಪೇಶ್ವೆಗಳ ಪತನದ ನಂತರ ಮುಂಬಯಿ ಸರ್ಕಾರ ಇಲ್ಲಿ ಮೊದಲು ತೆರೆದದ್ದೂ ಹೆಚ್ಚಾಗಿ ಮರಾಠಿ ಶಾಲೆಗಳನ್ನೇ. ಕನ್ನಡ ಶಾಲೆಗಳಿಗಾಗಿ ಶಿಕ್ಷಣಾಧಿಕಾರಿ ಡೆಪ್ಯುಟಿ ಚನ್ನಬಸಪ್ಪನವರು ಹೆಣಗಬೇಕಾಯಿತು. ರಾಯಬಾಗವಂತೂ 1949ರವರೆಗೆ ಕೊಲ್ಹಾಪುರ ಸಂಸ್ಥಾನದಲ್ಲಿತ್ತು.

ಜನರಿಗೆ ಈ ಎರಡು ಭಾಷೆಗಳ ಬದುಕು ತೊಡಕಾಗಿರಲಿಲ್ಲ. ನಿಪ್ಪಾಣಿ ಪೇಟೆಗೆ ಬೀಡಿ ತಂಬಾಕು ತಂದ ರೈತ ಮನೆಯಲ್ಲಿ ಕನ್ನಡ, ಅಡತಿ ಅಂಗಡಿಯಲ್ಲಿ ಮರಾಠಿ ಆಡಿದರೆ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಜಗಳ ತಂದದ್ದು ರಾಜ್ಯದ ಪ್ರಶ್ನೆ. 1920ರ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ ಭಾಷಾವಾರು ಪ್ರಾಂತಗಳನ್ನು ಒಪ್ಪಿತು. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡೆದ ಬೆಳಗಾವಿಯಲ್ಲೇ ಕರ್ನಾಟಕ ಏಕೀಕರಣದ ಸಮ್ಮೇಳನವೂ ಸೇರಿತು. 1946ರಲ್ಲಿ ಅದೇ ಊರಿನ ಮರಾಠಿ ಸಾಹಿತ್ಯ ಸಮ್ಮೇಳನ ಸಂಯುಕ್ತ ಮಹಾರಾಷ್ಟ್ರದ ಬೇಡಿಕೆ ಮುಂದಿಟ್ಟಿತು. ಎರಡು ಕನಸುಗಳು ಒಂದೇ ನೆಲದ ಮೇಲೆ ಬಿದ್ದವು.

ರಾಜ್ಯಗಳ ಪುನರ್ವಿಂಗಡಣೆಗೆ ನೇಮಕವಾದ ಫಜಲ್ ಅಲಿ ಆಯೋಗ 1955ರಲ್ಲಿ ಜಿಲ್ಲೆಯನ್ನೇ ಮಾನವಾಗಿ ಹಿಡಿದು, ಚಂದಗಡ ತಾಲ್ಲೂಕನ್ನು ಬಿಟ್ಟು ಇಡೀ ಬೆಳಗಾವಿಯನ್ನು ಕನ್ನಡ ರಾಜ್ಯಕ್ಕೆ ಸೇರಿಸಲು ಹೇಳಿತು. 1956ರ ನವೆಂಬರ್ 1ರಂದು ಅದು ಜಾರಿಯಾಯಿತು. ವಿವಾದದ ಗಂಟು ಇಲ್ಲೇ ಇದೆ. ಮುಂದೆ ಮಹಾರಾಷ್ಟ್ರವಾದ ಪ್ರದೇಶವನ್ನು ಒಳಗೊಂಡಿದ್ದ ಮುಂಬಯಿ ರಾಜ್ಯದ ಸರ್ಕಾರ 1957ರಲ್ಲಿ ಹಳ್ಳಿಯನ್ನೇ ಮಾನವಾಗಿಸಬೇಕೆಂದು ವಾದಿಸಿ, 814 ಹಳ್ಳಿಗಳ ಜೊತೆಗೆ ಬೆಳಗಾವಿ, ನಿಪ್ಪಾಣಿ, ಕಾರವಾರಗಳನ್ನು ಕೇಳಿತು. ಆಂಧ್ರ–ಮದ್ರಾಸ್ ಗಡಿಗೆ ಅನ್ವಯಿಸಿದ ಪಾಟಸ್ಕರ್ ಸೂತ್ರ ಅದಕ್ಕೆ ಆಧಾರ. ಆದರೆ ಒಂದೇ ಬೀದಿಯಲ್ಲಿ ಎರಡು ಭಾಷೆಯ ಮನೆಗಳಿರುವ ಕಡೆ ಹಳ್ಳಿಯ ಲೆಕ್ಕವೂ ಯಾರಿಗಾದರೂ ಅನ್ಯಾಯವೆನಿಸದೆ ಇರದು.

ವಿವಾದ ಬಗೆಹರಿಸಲು ಎರಡೂ ರಾಜ್ಯಗಳವರನ್ನು ಸೇರಿಸಿ ಮಾಡಿದ ನಾಲ್ವರ ಸಮಿತಿ ಒಮ್ಮತಕ್ಕೆ ಬಾರದೆ ಹೋಯಿತು. 1966ರಲ್ಲಿ ಗಡಿ ಪ್ರಶ್ನೆ ಬಗೆಹರಿಯಬೇಕೆಂದು ಸ್ವಾತಂತ್ರ್ಯ ಹೋರಾಟಗಾರ ಸೇನಾಪತಿ ಬಾಪಟರು ಉಪವಾಸ ಕೂತರು. ಅದೇ ವರ್ಷ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನ್ ಆಯೋಗ ನೇಮಕವಾಯಿತು. 1967ರ ವರದಿ ಬೆಳಗಾವಿ ನಗರವನ್ನು ಕರ್ನಾಟಕದಲ್ಲೇ ಉಳಿಸಿತು. ನಿಪ್ಪಾಣಿ, ಖಾನಾಪುರ, ನಂದಗಡ ಸೇರಿ 264 ಹಳ್ಳಿ-ಪಟ್ಟಣಗಳನ್ನು ಮಹಾರಾಷ್ಟ್ರಕ್ಕೂ, ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಕಡೆಯ 247 ಹಳ್ಳಿಗಳನ್ನು ಕರ್ನಾಟಕಕ್ಕೂ ಕೊಡಲು ಹೇಳಿತು. ಕರ್ನಾಟಕ ಒಪ್ಪಿದ ವರದಿಯನ್ನು ಮಹಾರಾಷ್ಟ್ರ ತಿರಸ್ಕರಿಸಿತು. ಹೀಗಾಗಿ ನಿಪ್ಪಾಣಿ ಇದ್ದಲ್ಲೇ ಉಳಿಯಿತು. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು.